ಹಾರೆ ಹಿಡಿದು ಹೊರನಾಡಿಗೆ ಹೋದವರು

‘ಶ್ರಮದಾನ’ ಎಂಬುದು ನಮ್ಮ ಕನ್ನಡ ಶಾಲೆಗಳಿಗೆ ಅಪರಿಚಿತ ಶಬ್ದವೇನಲ್ಲ. ಗಾಂಧಿ ಜಯಂತಿಯಂದು ಶಾಲೆಯ ಅಂಗಳದ ಕಳೆ ಕೀಳಿಸುವುದರಿಂದ ಹಿಡಿದು, 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಗ್ರಾಮ ಶಿಬಿರದವರೆಗೆ ಅದರ ಅರ್ಥವ್ಯಾಪ್ತಿ ಹಬ್ಬಿದೆ. ಅದಕ್ಕೂ ಹಿಂದೆ, 1923ರಲ್ಲಿ, ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಕಟ್ಟಿದ ಸೇವಾದಳದ ಶಿಸ್ತನ್ನು ಕಂಡ ಹಿರಿಯರು ನಾನು ವೃತ್ತಿಗೆ ಸೇರಿದ ಕಾಲದಲ್ಲಿ ಇನ್ನೂ ಇದ್ದರು. ಆದರೆ ಸ್ವಂತ ಖರ್ಚಿನಿಂದ ಪರದೇಶಕ್ಕೆ ಹೋಗಿ, ಅಲ್ಲಿ ಕೂಲಿಯಿಲ್ಲದೆ ಮಣ್ಣು ಹೊತ್ತು, ಬಿಡುವಿನ ದಿನ ಆ ದೇಶದ ಬೆಟ್ಟ ಕೋಟೆಗಳನ್ನು ನೋಡಿ ಹಿಂದಿರುಗುವ ಪದ್ಧತಿಯೊಂದು ಜಗತ್ತಿನಲ್ಲಿದೆಯೆಂದರೆ, ಹಳ್ಳಿಯ ನಮ್ಮವರು ‘ಇದೆಂಥ ಹುಚ್ಚು?’ ಎಂದಾರು. ಆ ಹುಚ್ಚಿಗೂ ನೂರು ವರ್ಷಗಳನ್ನು ಮೀರಿದ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಬಿಹಾರದ ಅಧ್ಯಾಯವೂ ಒಂದು ಸೇರಿಕೊಂಡಿದೆ. ಅದನ್ನು ಹೇಳುವುದಕ್ಕಾಗಿ ಈ ಲೇಖನ.

ಮೊದಲು ಒಂದು ಪೀಠಿಕೆ. 1874ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಲಾ ಪ್ರಾಧ್ಯಾಪಕರಾಗಿದ್ದ ಜಾನ್ ರಸ್ಕಿನ್ ತಮ್ಮ ವಿದ್ಯಾರ್ಥಿಗಳನ್ನು ಕರೆದು, ದೋಣಿ ಹುಟ್ಟು ಹಾಕಿ ತೋಳು ಬೆಳೆಸುವ ಬದಲು ಪಕ್ಕದ ಹಿಂಕ್ಸಿ ಗ್ರಾಮದವರಿಗೆ ಒಂದು ರಸ್ತೆ ಮಾಡಿಕೊಡಿ ಎಂದರು. ಶ್ರೀಮಂತರ ಮಕ್ಕಳು ಗುದ್ದಲಿ ಹಿಡಿದರು. ಮುಂದೆ ಅರ್ಥಶಾಸ್ತ್ರದ ಇತಿಹಾಸಕಾರನೆಂದು ಹೆಸರಾದ ಆರ್ನಲ್ಡ್ ಟಾಯ್ನ್‌ಬೀ ಆ ತಂಡದಲ್ಲಿದ್ದ. ತಾನೂ ಕಲ್ಲು ಮಣ್ಣು ಹೊತ್ತೆನೆಂದು ಆಸ್ಕರ್ ವೈಲ್ಡ್ ಹೇಳಿಕೊಳ್ಳುತ್ತಿದ್ದ. ಲಂಡನ್ನಿನ ಪತ್ರಿಕೆಗಳು ನಕ್ಕವು, ಜನ ಈ ವಿಚಿತ್ರವನ್ನು ನೋಡಲು ಬಂದು ರಸ್ತೆಯ ಬದಿಯಲ್ಲಿ ನಿಂತರು. ರಸ್ತೆಯಂತೂ ಚೆನ್ನಾಗಿ ಆಗಲಿಲ್ಲ. ತಮಾಷೆಯೆಂದರೆ, ಶಿಷ್ಯರು ಅಗೆಯಲು ತೊಡಗಿದಾಗ ಗುರುಗಳು ಇಟಲಿಯಲ್ಲಿ ಹಳೆಯ ಭಿತ್ತಿಚಿತ್ರಗಳನ್ನು ನೋಡುತ್ತ ಸಂಚರಿಸುತ್ತಿದ್ದರು. ಮೇಲ್ವಿಚಾರಣೆ ಅವರ ತೋಟದ ಮಾಲಿಯ ಪಾಲಿಗೆ ಬಂದಿತ್ತು. ಪ್ರವಾಸ ಒಬ್ಬರದು, ಬೆವರು ಇನ್ನೊಬ್ಬರದು! ಅದೇನೇ ಇರಲಿ, ಆ ರಸ್ಕಿನ್ನರ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕವನ್ನು 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿದ ಗಾಂಧೀಜಿ ರಾತ್ರಿಯೆಲ್ಲ ನಿದ್ರಿಸಲಿಲ್ಲವೆಂಬುದನ್ನೂ, ಫೀನಿಕ್ಸ್ ಆಶ್ರಮ ಅದರ ಫಲವೆಂಬುದನ್ನೂ ಓದುಗರು ಬಲ್ಲರು. ಮೈಮುರಿದು ದುಡಿಯುವುದು ಓದಿದವನ ಮಾನಕ್ಕೆ ಕುಂದಲ್ಲ ಎಂಬ ವಿಚಾರ ಹೀಗೆ ಖಂಡಾಂತರಗಳನ್ನು ಸುತ್ತುತ್ತಿತ್ತು.

ಈ ವಿಚಾರವನ್ನು ದೇಶದ ಗಡಿ ದಾಟಿಸಿದವನು ಪಿಯೆರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಇಂಜಿನಿಯರ್. ಹುಟ್ಟಿದ್ದು 1879ರಲ್ಲಿ. ತಂದೆ ಪಾಲ್ ಸೆರೆಸೋಲ್ 1873ರಲ್ಲಿ ಸ್ವಿಸ್ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಅಂಥ ಮನೆಯ ಮಗ ಓದು ಮುಗಿಸಿ ಅಮೆರಿಕ, ಹವಾಯಿ, ಜಪಾನುಗಳಲ್ಲಿ ಅಲೆದು, ಕೈಕೆಲಸ ಮಾಡಿ ಉಂಡು, ಮಹಾಯುದ್ಧ ಆರಂಭವಾದ ಕಾಲಕ್ಕೆ ಊರಿಗೆ ಮರಳಿದ. ಪಿತ್ರಾರ್ಜಿತ ಹಣವನ್ನು ಸರ್ಕಾರಕ್ಕೆ ಕೊಟ್ಟುಬಿಟ್ಟ. ಸೈನ್ಯಕ್ಕೆ ಸೇರದವರು ಕಟ್ಟಬೇಕಾದ ತೆರಿಗೆಯನ್ನು ಕಟ್ಟಲೊಲ್ಲೆನೆಂದು 1917ರಲ್ಲಿ ಜೈಲು ಕಂಡ. ಇಷ್ಟಾದರೂ ಅವನು ಬರಿಯ ‘ಒಲ್ಲೆ’ ಎನ್ನುವ ಮನುಷ್ಯನಾಗಿರಲಿಲ್ಲ. ಸೈನಿಕನು ದೇಶಕ್ಕಾಗಿ ಮಳೆಯಲ್ಲಿ ಮಲಗುತ್ತಾನೆ, ಕಂದಕ ತೋಡುತ್ತಾನೆ, ಹೇಳಿದ ಮಾತು ಕೇಳುತ್ತಾನೆ; ಕೊಲ್ಲುವುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನಾವೇಕೆ ಮಾಡಬಾರದು? ಇದು ಅವನ ತರ್ಕ. ಶಾಂತಿವಾದಿಗಳಲ್ಲಿ ನನಗೆ ಇವನ ಮೇಲೆ ವಿಶೇಷ ಗೌರವ ಮೂಡಲು ಈ ತರ್ಕವೇ ಕಾರಣ. ಶತ್ರುಪಕ್ಷದ ಸೈನಿಕನ ಗುಣವನ್ನೂ ಒಪ್ಪಿಕೊಂಡು ಮಾತನಾಡುವ ಶಾಂತಿವಾದಿಗಳು ಅಂದೂ ವಿರಳ, ಇಂದೂ ವಿರಳ.

1920ರಲ್ಲಿ ಹಾಲೆಂಡಿನ ಬಿಲ್ತ್‌ಹೋವನ್ ಎಂಬಲ್ಲಿ ಹಲವು ದೇಶಗಳ ಶಾಂತಿವಾದಿ ಕ್ರೈಸ್ತರು ಸಮಾವೇಶಗೊಂಡಾಗ, ನಿರ್ಣಯಗಳು ಮಂಡನೆಯಾಗುತ್ತಿದ್ದ ನಡುವೆ ಜರ್ಮನ್ ಪ್ರತಿನಿಧಿಯೊಬ್ಬರು ಬೇರೆಯದೇ ಮಾತೆತ್ತಿದರು. ಜರ್ಮನರು ಕೆಡವಿದ್ದನ್ನು ಜರ್ಮನರ ಕೈಗಳೇ ಕಟ್ಟಿಕೊಡಬೇಕೆಂಬುದು ಆ ಮಾತಿನ ಸಾರ. ಸೆರೆಸೋಲ್ ಅದನ್ನು ಹಿಡಿದುಕೊಂಡ. ಅದೇ ವರ್ಷದ ಚಳಿಗಾಲ ಕಾಲಿಡುವಾಗ, ಹ್ಯೂಬರ್ಟ್ ಪ್ಯಾರಿಸ್ ಎಂಬ ಆಂಗ್ಲ ಕ್ವೇಕರನನ್ನೂ ಕೆಲವು ಜರ್ಮನರನ್ನೂ ಒಳಗೊಂಡ ಪುಟ್ಟ ತಂಡವೊಂದು ಫ್ರಾನ್ಸಿನ ವೆರ್ಡನ್ ಸಮೀಪದ ಎನ್ ಎಂಬ ಹಳ್ಳಿಯನ್ನು ತಲಪಿತು.

ಎನ್ ಎಂಥ ಊರು? ವೆರ್ಡನ್ನಿನ ಯುದ್ಧ 1916ರ ಫೆಬ್ರವರಿ 21ರಂದು ಮೊದಲಾಗಿ ಡಿಸೆಂಬರ್ 18ರವರೆಗೆ ನಡೆಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎರಡೂ ಕಡೆ ಸೇರಿ ಸುಮಾರು ಏಳು ಲಕ್ಷ. ‘304ನೆಯ ಗುಡ್ಡ’ ಮತ್ತು ‘ಸತ್ತ ಮನುಷ್ಯನ ದಿಬ್ಬ’ ಎಂದು ಯುದ್ಧದ ಚರಿತ್ರೆಯಲ್ಲಿ ಕುಖ್ಯಾತವಾದ ಎತ್ತರಗಳ ಬುಡದಲ್ಲೇ ಈ ಹಳ್ಳಿ. ಮನೆಯೆನ್ನುವಂಥದು ಉಳಿದಿರಲಿಲ್ಲ. ಹೊಲಗಳು ತೋಪಿನ ಗುಂಡುಗಳಿಂದ ಬಿದ್ದ ಗುಂಡಿಗಳ ಸಾಲಾಗಿದ್ದವು, ಗುಂಡಿಗಳಲ್ಲಿ ನೀರು, ನೀರಿನ ಅಡಿಯಲ್ಲಿ ಸಿಡಿಯದೆ ಉಳಿದ ಮದ್ದು. ಆ ಪ್ರದೇಶದ ರೈತರ ನೇಗಿಲಿಗೆ ಇಂದಿಗೂ ಆ ಕಬ್ಬಿಣ ಸಿಕ್ಕುತ್ತದೆಯೆಂದ ಮೇಲೆ 1920ರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಇಂಥಲ್ಲಿ ಆ ಕೆಲವರು ಹಲಗೆಯ ಗುಡಿಸಲುಗಳನ್ನೆಬ್ಬಿಸಿದರು, ಅವಶೇಷಗಳನ್ನು ಹೊತ್ತು ಹಾಕಿದರು, ಗುಂಡಿ ಮುಚ್ಚಿ ಹೊಲ ಮಟ್ಟ ಮಾಡಿದರು, ರಸ್ತೆ ದುರಸ್ತಿ ಮಾಡಿದರು. ಸಂಬಳವಿಲ್ಲ, ಊಟ, ಸೂರು ಮಾತ್ರ.

ಆದರೆ ಗಂಡನನ್ನೋ ಮಗನನ್ನೋ ಆ ಗುಡ್ಡದ ಮೇಲೆ ಕಳೆದುಕೊಂಡ ಮನೆಗಳ ಎದುರಿಗೆ ಜರ್ಮನ್ ಭಾಷೆ ಕಿವಿಗೆ ಬಿದ್ದಾಗ ಏನನ್ನಿಸೀತು? ಕ್ಷಮೆಯೆಂಬುದು ಸಮ್ಮೇಳನದ ಸಭಾಂಗಣದಲ್ಲಿ ಮೂಡುವಷ್ಟು ಬೇಗ ಮಸಣದ ಪಕ್ಕದಲ್ಲಿ ಮೂಡುವುದಿಲ್ಲ. ಊರಿನಲ್ಲಿ ಕೆಲವರಿಗೆ ತಂಡ ಹಿತವೆನಿಸಿದರೂ ಜರ್ಮನರ ಇರವು ಎಲ್ಲರಿಗೂ ಸಹ್ಯವಾಗಲಿಲ್ಲ, ಮೇಲಧಿಕಾರಿಗಳ ಒಲವೂ ಇರಲಿಲ್ಲ. 1921ರ ವಸಂತದ ಹೊತ್ತಿಗೆ ತಂಡ ಜಾಗ ಖಾಲಿ ಮಾಡಬೇಕಾಯಿತು. ಉತ್ತು ಬಿತ್ತುವ ಕಾಲಕ್ಕೆ ಸರಿಯಾಗಿ ಹೊರಡಬೇಕಾಗಿ ಬಂದದ್ದು ಅವರನ್ನು ಎಷ್ಟು ನೋಯಿಸಿರಬೇಕು! ಆದರೂ ಅಂತರರಾಷ್ಟ್ರೀಯ ನಾಗರಿಕ ಸೇವೆ ಎಂಬ ಸಂಸ್ಥೆ, ಅಂದರೆ ‘ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್’, ತನ್ನ ಹುಟ್ಟನ್ನು ಈ ಅರೆಬರೆ ಪ್ರಯತ್ನದಿಂದಲೇ ಲೆಕ್ಕ ಹಾಕುತ್ತದೆ. ‘ಮಾತಲ್ಲ, ಕೆಲಸ’ ಎಂಬುದು ಅದರ ಧ್ಯೇಯವಾಕ್ಯದ ಅರ್ಥ.

1924ರಲ್ಲಿ ಸ್ವಿಟ್ಜರ್ಲೆಂಡಿನಲ್ಲೇ ಹಿಮಪಾತದಿಂದ ಕಲ್ಲು ಮರಗಳಡಿ ಹೂತ ಆಲ್ಪ್ಸ್ ಕಣಿವೆಯೊಂದನ್ನು ಶುಚಿಗೊಳಿಸುವಾಗ ಪಿಯೆರನಿಗೆ ಒತ್ತಾಸೆಯಾಗಿ ನಿಂತವನು ಅಣ್ಣತಮ್ಮಂದಿರಲ್ಲೊಬ್ಬನಾದ ಅರ್ನೆಸ್ಟ್ ಸೆರೆಸೋಲ್. ಈತ ಸ್ವಿಸ್ ಸೈನ್ಯದ ಕರ್ನಲ್! ಯುದ್ಧ ವಿರೋಧಿಗಳ ಶಿಬಿರಕ್ಕೆ ಶಿಸ್ತು ಕಲಿಸಿದವನು ಸೈನ್ಯಾಧಿಕಾರಿ ಎಂಬುದು ಆ ಮನೆತನದ ಸೊಗಸು.

ಇನ್ನು ಲಿಕ್ಟೆನ್‌ಸ್ಟೈನ್. ಯೂರೋಪ್ ಪ್ರವಾಸಕ್ಕೆ ಹೋದ ನಮ್ಮವರಿಗೆ ಈ ಪುಟ್ಟ ಸಂಸ್ಥಾನ ಗೊತ್ತು. ಪ್ರವಾಸಿ ಬಸ್ಸು ರಾಜಧಾನಿ ವಾಡುಜ್‌ನಲ್ಲಿ ಒಂದು ಗಂಟೆ ನಿಲ್ಲುತ್ತದೆ. ಗುಡ್ಡದ ಮೇಲಿನ ಅರಮನೆಯನ್ನು ಕೆಳಗಿನಿಂದಲೇ ನೋಡಿ, ಪಾಸ್‌ಪೋರ್ಟಿಗೆ ದುಡ್ಡು ಕೊಟ್ಟು ಮುದ್ರೆ ಒತ್ತಿಸಿಕೊಂಡು, ಕಾಫಿ ಕುಡಿದು ಹೊರಡುವುದು ವಾಡಿಕೆ. ಮಗನ ಒತ್ತಾಯಕ್ಕೆ ಹೋಗಿದ್ದ ನಾನೂ ನನ್ನಾಕೆಯೂ ಮಾಡಿದ್ದು ಅಷ್ಟೇ. ಬಸ್ಸಿನ ಮಾರ್ಗದರ್ಶಿ ಅಂಚೆಚೀಟಿಗಳ ಬಗೆಗೂ ಬ್ಯಾಂಕುಗಳ ಬಗೆಗೂ ಹೇಳಿದ. ಪಕ್ಕದಲ್ಲಿ ಎರಡು ಒಡ್ಡುಗಳ ನಡುವೆ ಸಾಧುವಾಗಿ ಹರಿಯುತ್ತಿದ್ದ ರೈನ್ ನದಿಯ ಕಡೆಗೆ ಆತ ಕೈ ತೋರಲಿಲ್ಲ.

ಆ ಒಡ್ಡು 1927ರ ಸೆಪ್ಟೆಂಬರ್ 25ರಂದು ಶಾನ್ ಎಂಬ ಊರಿನ ರೈಲು ಸೇತುವೆಯ ಬಳಿ ಒಡೆಯಿತು. ದೇಶದ ಒಟ್ಟು ಜನಸಂಖ್ಯೆಯೇ ಆಗ ಹತ್ತು ಸಾವಿರದ ಆಸುಪಾಸು. ಅದರ ಫಲವತ್ತಾದ ತಗ್ಗುಭೂಮಿಯ ದೊಡ್ಡ ಪಾಲು ನೀರಿನಡಿ ಹೋಯಿತು. ನೀರು ಇಳಿದ ಮೇಲೆ ಹೊಲಗಳ ಮೇಲೆ ಉಳಿದದ್ದು ಮರಳು, ಜಲ್ಲಿ, ಕೆಸರು. ನಮ್ಮ ಕಡೆ ಹೊಳೆಯ ನೆರೆ ಇಳಿದ ಮೇಲೆ ಗದ್ದೆಗೆ ಬಂದು ಕೂರುವ ಮರಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ನೀರಿನಲ್ಲಿ ಬಂದ ಮರಳಿಗೆ ಕಾಲಿಲ್ಲ, ಅದನ್ನು ಮನುಷ್ಯನೇ ಹೊತ್ತು ಹಾಕಬೇಕು. 1928ರ ವಸಂತದಿಂದ ಶರತ್ಕಾಲದವರೆಗೆ ಆ ಕೆಲಸಕ್ಕೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ಏಳುನೂರಕ್ಕೂ ಹೆಚ್ಚು ಮಂದಿ ಸ್ವಯಂಸೇವಕರು ಸರದಿಯಂತೆ ಬಂದರು. ಸಂಸ್ಥೆಯ ಆರಂಭದ ವರ್ಷಗಳಲ್ಲಿ ಇಷ್ಟು ದೊಡ್ಡ ಪಡೆ ಇನ್ನೊಂದಿಲ್ಲ.

ಅವರ ಒಂದು ದಿನ ಹೇಗಿದ್ದೀತು? ಮುಂಜಾನೆ ಎದ್ದು, ಒಟ್ಟಾಗಿ ತಿಂಡಿ ತಿಂದು, ಹಾರೆ ಸಲಿಕೆಗಳನ್ನು ಹೆಗಲಿಗಿಟ್ಟು ಹೊಲಕ್ಕೆ ನಡೆಯುವುದು. ಜಲ್ಲಿಯನ್ನು ಬಗೆದು ಕೈಗಾಡಿಗೆ ತುಂಬುವುದು, ತಳ್ಳುವುದು, ಸುರಿಯುವುದು, ಮತ್ತೆ ತುಂಬುವುದು. ವಿದ್ಯಾರ್ಥಿ, ಉಪಾಧ್ಯಾಯ, ಗುಮಾಸ್ತ, ಬಡಗಿ, ಒಬ್ಬನ ಭಾಷೆ ಇನ್ನೊಬ್ಬನಿಗೆ ಬಾರದು. ಮೊದಲ ದಿನ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಎರಡನೆಯ ದಿನ ಅದು ಒಡೆಯುತ್ತದೆ, ಮೂರನೆಯ ದಿನ ಸೊಂಟ ಮಾತನಾಡುತ್ತದೆ. ಇದಕ್ಕೆ ದೇಶಭೇದವಿಲ್ಲವೆಂದು ಶಿಬಿರ ನಡೆಸಿದ ಅನುಭವದಿಂದ ಹೇಳಬಲ್ಲೆ. ತಲೆಯೆತ್ತಿದರೆ ಮಾತ್ರ ಒಂದು ಕಡೆ ‘ಮೂವರು ಸೋದರಿಯರು’ ಎಂಬ ಶಿಖರಗಳ ಸಾಲು, ನದಿಯಾಚೆ ಸ್ವಿಟ್ಜರ್ಲೆಂಡಿನ ಬೆಟ್ಟಗಳು. ನಾವು ಬಸ್ಸಿನ ಕಿಟಕಿಯಿಂದ ಒಂದು ಗಂಟೆ ಕಂಡದ್ದನ್ನು ಅವರು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತಾಗಲೆಲ್ಲ ಕಂಡರು. ನೋಟ ಒಂದೇ, ಕಣ್ಣು ಬೇರೆಯಾದೀತೆಂದು ನನ್ನ ಊಹೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಆ ಶಿಬಿರಗಳಿಗೆ ಮಹಿಳೆಯರೂ ಬರುತ್ತಿದ್ದರು. ಅವರನ್ನು ‘ಸೋದರಿಯರು’ ಎಂದು ಗೌರವದಿಂದ ಕರೆದು, ಅಡಿಗೆ, ಬಟ್ಟೆ ಒಗೆತ, ಹರಿದದ್ದನ್ನು ಹೊಲಿಯುವುದು ಇಷ್ಟನ್ನೂ ಅವರಿಗೆ ವಹಿಸಲಾಗುತ್ತಿತ್ತು. ಜಗತ್ತನ್ನು ಹೊಸದಾಗಿ ಕಟ್ಟಲು ಹೊರಟವರಿಗೂ ಅಡಿಗೆಮನೆಯ ಹಳೆಯ ಗೋಡೆ ಕಣ್ಣಿಗೆ ಬೀಳಲಿಲ್ಲ. ನಮ್ಮ ಶಿಬಿರಗಳಲ್ಲಿಯೂ ಹೆಣ್ಣುಮಕ್ಕಳನ್ನು ಈರುಳ್ಳಿ ಹೆಚ್ಚಲು ಕೂರಿಸುವ ಪದ್ಧತಿ ಬಹುಕಾಲ ನಡೆಯಿತು. ಗಂಡುಮಕ್ಕಳ ಬೆವರಿಗೆ ಫೋಟೋ, ಇವರ ಕಣ್ಣೀರಿಗೆ ಒಲೆಯ ಹೊಗೆ.

ಈಗ ಬಿಹಾರಕ್ಕೆ ಬರೋಣ. 1934ರ ಜನವರಿ 15ರ ಮಧ್ಯಾಹ್ನ ಉತ್ತರ ಬಿಹಾರ ಮತ್ತು ನೇಪಾಳವನ್ನು ನಡುಗಿಸಿದ ಭೂಕಂಪದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮುಂಗೇರ್, ಮುಜಫ್ಫರಪುರ, ದರ್ಭಂಗ, ಮೋತಿಹಾರಿಗಳು ನೆಲಕಚ್ಚಿದವು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೈವ ಕೊಟ್ಟ ದಂಡನೆಯೆಂದು ಗಾಂಧೀಜಿ ಹೇಳಿದ್ದು, ರವೀಂದ್ರನಾಥ ಠಾಕೂರರು ಅದನ್ನು ಬಹಿರಂಗವಾಗಿ ಖಂಡಿಸಿದ್ದು ಪಾಠಗಳಲ್ಲಿ ಬರುತ್ತದೆ. ಪಾಠಗಳಲ್ಲಿ ಬಾರದಿರುವುದು ನೆಲದ ಸ್ಥಿತಿ. ಭೂಮಿ ಬಿರುಕುಬಿಟ್ಟು ಒಳಗಿನ ನೀರು ಮರಳು ಚಿಮ್ಮಿ ಹೊಲಗಳನ್ನು ಮುಚ್ಚಿತು. ನೆಲದ ಮಟ್ಟವೇ ಏರುಪೇರಾಗಿ, ಹಿಂದೆ ಕ್ಷೇಮವಾಗಿದ್ದ ಹಳ್ಳಿಗಳು ಮಳೆಗಾಲದ ಪ್ರವಾಹಕ್ಕೆ ತುತ್ತಾಗುವ ಭಯ ಹುಟ್ಟಿತು. ಜೈಲಿನಿಂದ ಆಗಷ್ಟೇ ಹೊರಬಂದ ಬಾಬು ರಾಜೇಂದ್ರ ಪ್ರಸಾದರು ಪರಿಹಾರ ಸಮಿತಿ ಕಟ್ಟಿದರು, ಅದರ ಲೆಕ್ಕಪತ್ರಗಳ ಹೊಣೆಯನ್ನು ಜೆ. ಸಿ. ಕುಮಾರಪ್ಪನವರು ಹೊತ್ತರು.

1931ರ ಡಿಸೆಂಬರಿನಲ್ಲಿ ಗಾಂಧೀಜಿ ಸ್ವಿಟ್ಜರ್ಲೆಂಡಿಗೆ ಹೋಗಿ ರೊಮೆ ರೋಲಾರ ಅತಿಥಿಯಾಗಿದ್ದಾಗ ಸೆರೆಸೋಲ್ ಅವರನ್ನು ಕಂಡಿದ್ದ. ಆ ಪರಿಚಯದ ಎಳೆ ಹಿಡಿದು 1934ರಲ್ಲಿ ಈತ ಭಾರತಕ್ಕೆ ಬಂದ. ಸ್ಥಿತಿ ನೋಡಿ ಹಿಂದಿರುಗಿ, ಜೋ ವಿಲ್ಕಿನ್ಸನ್ ಮೊದಲಾದ ಕೆಲವೇ ಜತೆಗಾರರೊಂದಿಗೆ ಮತ್ತೆ ಬಂದ. ಮುಜಫ್ಫರಪುರದ ಕಡೆ, ಮುಳುಗಡೆಯ ಅಂಚಿನಲ್ಲಿದ್ದ ಹಳ್ಳಿಗರಿಗೆ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿಕೊಡುವ ಯೋಜನೆ ಕೈಗೊಂಡರು. ಹಾಗೆ ಎದ್ದ ಊರಿಗೆ ‘ಶಾಂತಿಪುರ’ವೆಂಬ ಹೆಸರು ಬಂತು. ಸೆರೆಸೋಲನ ಪ್ರಾಯ ಆಗ ಐವತ್ತೈದು.

1934ರ ಬಿಹಾರವೆಂದರೆ ಬಿಳಿಯ ಮೈಬಣ್ಣವೆಂಬುದೇ ಅಧಿಕಾರದ ಮುದ್ರೆಯಾಗಿದ್ದ ಕಾಲ. ಸಾಹೇಬನೆಂದರೆ ಕುದುರೆಯ ಮೇಲಿನವನು, ಕುರ್ಚಿಯ ಮೇಲಿನವನು. ಅಂಥ ಸಾಹೇಬನೊಬ್ಬ ಬಿಸಿಲಿನಲ್ಲಿ ಗುದ್ದಲಿ ಹಿಡಿದು ನಿಂತರೆ ನೋಡಲು ಜನ ಸೇರದಿರುತ್ತಾರೆಯೇ? ಆಕ್ಸ್‌ಫರ್ಡಿನ ರಸ್ತೆಯ ಬದಿಯಲ್ಲಿ ನಿಂತವರಂತೆ ಇಲ್ಲಿಯೂ ನೋಡುಗರಿಗೆ ಈ ದುಡಿಮೆಯೇ ಒಂದು ಪ್ರೇಕ್ಷಣೀಯ ಸ್ಥಳವಾಗಿರಬೇಕು. ಇಲ್ಲಿನ ಬಿಗುಮಾನ ಎರಡು ಬಗೆಯದು: ಸಾಹೇಬ ಮಣ್ಣು ಮುಟ್ಟಬಾರದೆಂಬುದು ಒಂದು, ಮೇಲುಜಾತಿಯವನು ಮಣ್ಣು ಹೊರಬಾರದೆಂಬುದು, ಅದಕ್ಕಿಂತ ಬಹಳ ಹಳೆಯದಾದ ಇನ್ನೊಂದು.

ಇನ್ನೊಂದು ಗಂಭೀರ ಪ್ರಶ್ನೆಯೂ ಉಂಟು. ಕೂಲಿಯನ್ನೇ ನಂಬಿದವನ ಊರಿಗೆ ಕೂಲಿ ಬೇಡವೆನ್ನುವವನು ಬಂದರೆ ಯಾರ ಹೊಟ್ಟೆಗೆ ಕಲ್ಲು? ಉಣ್ಣುವವನ ತಟ್ಟೆ ಕಸಿದುಕೊಂಡು ಮಾಡುವ ಸೇವೆ ಸೇವೆಯಲ್ಲ. ಸ್ಥಳೀಯ ಕೂಲಿಕಾರನ ಸಂಪಾದನೆಗೆ ಪೈಪೋಟಿಯಾಗಬಾರದು ಎಂಬುದನ್ನು ಸೆರೆಸೋಲನ ಸಂಸ್ಥೆ ತತ್ತ್ವವಾಗಿ ಒಪ್ಪಿಕೊಂಡಿತ್ತು. ಜಮೀನ್ದಾರರಿಗೆ ಬಿಟ್ಟಿ ಚಾಕರಿ ಮಾಡಿ ಸವೆದಿದ್ದ ಬಿಹಾರದಲ್ಲಿ ‘ಕೂಲಿಯಿಲ್ಲದ ದುಡಿಮೆ’ ಎಂಬ ಮಾತು ಬಡವನ ಕಿವಿಗೆ ಹೇಗೆ ಕೇಳಿಸಿರಬಹುದು ಎಂಬುದನ್ನು ನಾವು ಮರೆಯಬಾರದು. ಒಲಿದು ಮಾಡಿದರೆ ಶ್ರಮದಾನ, ಹೆದರಿಸಿ ಮಾಡಿಸಿದರೆ ಬಿಟ್ಟಿ; ಅಗೆಯುವ ಗುಂಡಿ ಮಾತ್ರ ಎರಡರಲ್ಲೂ ಒಂದೇ.

ಎಪ್ಪತ್ತರ ದಶಕದಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಕೆರೆಯ ಹೂಳು ತೆಗೆಯಲು ಹೋಗಿದ್ದೆ. ಒಂದು ವಾರ ಹುಡುಗರು ಹುರುಪಿನಿಂದ ದುಡಿದರು. ಕೊನೆಯ ದಿನ ಪಕ್ಕದ ಬೆಟ್ಟದ ಹಾಳು ದೇವಸ್ಥಾನಕ್ಕೆ ಹೋಗಿ ಬಂದೆವು. ಹೊರಡುವಾಗ ಒಬ್ಬ ಅಜ್ಜಿ ನೀರುಮಜ್ಜಿಗೆ ತಂದುಕೊಟ್ಟು, “ಅಲ್ಲ ಮೇಷ್ಟ್ರೇ, ನೀವು ಬಂದ್ರಿ, ತೆಗೆದ್ರಿ, ಹೊರಟ್ರಿ. ಮುಂದಿನ ಮಳೇಲಿ ಹೂಳು ಬಂದ್ರೆ ಯಾರನ್ನ ಕೂಗ್ಲಿ?” ಎಂದು ಕೇಳಿದಳು. ಹುಡುಗರು ನಕ್ಕರು. ಶಾಂತಿಪುರದ ವೃತ್ತಾಂತ ಓದಿದಾಗಲೆಲ್ಲ ನನಗೆ ಆ ಅಜ್ಜಿಯ ಮಾತು ನೆನಪಾಗುತ್ತದೆ. ಸೆರೆಸೋಲನಿಗೂ ಆ ಪ್ರಶ್ನೆಯ ಅರಿವು ಇದ್ದಂತೆ ತೋರುತ್ತದೆ. ಒಂದು ಸಲ ಬಂದು ಹೋಗದೆ, ಮತ್ತೆ ಮತ್ತೆ ಬಂದು 1937ರವರೆಗೂ ಆತ ಬಿಹಾರದ ಕೆಲಸವನ್ನು ಕೈಬಿಡಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅನುಮತಿಯಿಲ್ಲದೆ ಗಡಿ ದಾಟಿ ಜರ್ಮನಿಗೆ ಹೋದದ್ದಕ್ಕಾಗಿ ಸೆರೆಸೋಲ್ ಮತ್ತೆ ಸೆರೆವಾಸ ಅನುಭವಿಸಿದ. 1945ರ ಅಕ್ಟೋಬರಿನಲ್ಲಿ ತೀರಿಕೊಂಡ. ಸೈನಿಕ ಸೇವೆಗೆ ಬದಲಾಗಿ ನಾಗರಿಕ ಸೇವೆ ಎಂಬ ಅವನ ಬೇಡಿಕೆ ಸ್ವಿಟ್ಜರ್ಲೆಂಡಿನಲ್ಲಿ ಕಾನೂನಾಗಿ ಜಾರಿಗೆ ಬಂದದ್ದು 1996ರ ಅಕ್ಟೋಬರಿನಲ್ಲಿ, ಅವನು ಸತ್ತು ಐವತ್ತೊಂದು ವರ್ಷಗಳಾದ ಮೇಲೆ.

ಅವನ ದಾರಿಗೆ ಸಂಬಂಧವೇ ಇಲ್ಲದ ಇನ್ನೊಂದು ಕಡೆ, ಯುದ್ಧ ಮುಗಿದ ಎರಡೇ ವರ್ಷಕ್ಕೆ, ಇದೇ ಬಗೆಯ ದುಡಿಮೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1947ರಲ್ಲಿ ಯುಗೊಸ್ಲಾವಿಯದ ಯುವಜನರು ಬೋಸ್ನಾ ನದಿಯ ಕಣಿವೆಯ ಗುಂಟ ಶಾಮಾತ್ಸ್‌ನಿಂದ ಸರಯೇವೋವರೆಗೆ 242 ಕಿಲೋಮೀಟರು ರೈಲುದಾರಿಯನ್ನು ಏಪ್ರಿಲ್‌ನಿಂದ ನವೆಂಬರಿನೊಳಗೆ ಕಟ್ಟಿದರು. ಎರಡು ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರು ಭಾಗವಹಿಸಿದರು; ಹೊರದೇಶಗಳಿಂದ ಬಂದವರೇ ಐದು ಸಾವಿರಕ್ಕೂ ಮೇಲೆ. ಇಲ್ಲಿನ ದಿನಚರಿಯಲ್ಲಿ ಮುಂಜಾವಿನಲ್ಲಿ ಗುದ್ದಲಿ ಕೆಲಸ, ಮಧ್ಯಾಹ್ನದ ಮೇಲೆ ಓದು ಬರಹ ಆಟಪಾಠ, ರಾತ್ರಿ ಬೆಂಕಿಯ ಸುತ್ತ ಕೈಕೈ ಹಿಡಿದು ಕುಣಿತ. ಅಕ್ಷರ ಬಾರದೆ ಬಂದ ಹಳ್ಳಿಯ ಹುಡುಗರು ಅಕ್ಷರ ಕಲಿತು ಹೋದರು. ಹೆಚ್ಚು ಮಣ್ಣು ಎತ್ತಿದ ತಂಡಕ್ಕೆ ಬಿರುದು. ವಿದೇಶೀಯರಿಗೆ ದೇಶದ ಸುತ್ತಾಟವೂ ಇತ್ತು. ಇದು ಸರ್ಕಾರ ನಡೆಸಿದ ಉತ್ಸಾಹ, ಎಲ್ಲೆಡೆ ಟಿಟೊನ ಚಿತ್ರ. ಸೆರೆಸೋಲನ ಮೌನ ದುಡಿಮೆಯೇ ನನಗೆ ಹೆಚ್ಚು ಪ್ರಿಯ. ಆದರೂ ಸುಟ್ಟ ಊರುಗಳ ಮಕ್ಕಳು ಏಳೂವರೆ ತಿಂಗಳಲ್ಲಿ ರೈಲು ಓಡಿಸಿದ್ದನ್ನು ಬರಿಯ ಪ್ರಚಾರವೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಬ್ರಿಟಿಷ್ ತಂಡದ ಮುಂದಾಳಾಗಿದ್ದವನು ಇಪ್ಪತ್ತಮೂರು ವರ್ಷದ ಎಡ್ವರ್ಡ್ ಥಾಂಪ್ಸನ್. ಇಟಲಿಯ ರಣರಂಗದಲ್ಲಿ ಟ್ಯಾಂಕ್ ಪಡೆಯಲ್ಲಿದ್ದವನು. 1963ರಲ್ಲಿ ಇಂಗ್ಲೆಂಡಿನ ಕಾರ್ಮಿಕ ವರ್ಗದ ಚರಿತ್ರೆ ಬರೆದು ಜಗತ್ಪ್ರಸಿದ್ಧನಾದ ಇ. ಪಿ. ಥಾಂಪ್ಸನ್ ಈತನೇ. ಚರಿತ್ರೆ ಕಲಿಸಿದ ನಮ್ಮಂಥವರಿಗೆ ಪರಿಚಿತ ಹೆಸರು. ಈತನ ತಂದೆ ಬಂಗಾಳದ ಬಾಂಕುರಾದಲ್ಲಿ ಉಪಾಧ್ಯಾಯರಾಗಿದ್ದು, ಠಾಕೂರರ ಬಗೆಗೆ ಗ್ರಂಥ ಬರೆದವರು, ನೆಹರೂ ಅವರ ಸ್ನೇಹಿತರು. ಕಾರ್ಮಿಕರ ಚರಿತ್ರೆ ಬರೆಯುವ ಮೊದಲು ಕಾರ್ಮಿಕನಾಗಿ ಮಣ್ಣು ತೋಡಿದ ಈ ಚರಿತ್ರಕಾರ, ಬೋಸ್ನಿಯದ ಆ ಅನುಭವಗಳನ್ನು ಸಂಗಡಿಗರ ಬರಹಗಳೊಂದಿಗೆ ಪುಸ್ತಕ ಮಾಡಿದ. ಅದು ಹೊರಬಂದದ್ದು 1948ರಲ್ಲಿ. ಅದೇ ವರ್ಷ ಸ್ಟಾಲಿನ್ ಟಿಟೊನನ್ನು ಬಹಿಷ್ಕರಿಸಿದ. ನಿನ್ನೆ ಆ ರೈಲುದಾರಿಯನ್ನು ಕೊಂಡಾಡಿದ್ದ ಕಮ್ಯುನಿಸ್ಟ್ ಪಕ್ಷಗಳು ಇಂದು ಯುಗೊಸ್ಲಾವಿಯವನ್ನು ಬೈಯತೊಡಗಿದವು. ದಾರಿ ಕಟ್ಟಿದ ಯುವಕರ ಪೈಕಿ ಸೆರ್ಬರು, ಕ್ರೋವಟರು, ಬೋಸ್ನಿಯದ ಮುಸ್ಲಿಮರು ಎಲ್ಲರೂ ಇದ್ದರು. 1992ರಿಂದ 1995ರವರೆಗಿನ ಯುದ್ಧದಲ್ಲಿ ಆ ಕಣಿವೆಯ ಊರುಗಳವರೇ ಎದುರುಬದುರಾಗಿ ನಿಂತು ಬಂದೂಕು ಹಿಡಿದರು.

ಥಾಂಪ್ಸನ್ನನ ಅಣ್ಣ ಫ್ರಾಂಕ್ ಬಲ್ಗೇರಿಯದ ಗೆರಿಲ್ಲಾಗಳ ಜತೆಗಿದ್ದು 1944ರಲ್ಲಿ ಸೆರೆಸಿಕ್ಕಿ ಗುಂಡಿಗೆ ಬಲಿಯಾಗಿದ್ದ. ತಮ್ಮ ನೆರೆಯ ಯುಗೊಸ್ಲಾವಿಯದಲ್ಲಿ ರೈಲುದಾರಿಗೆ ಮಣ್ಣು ಹೊತ್ತ. ಬಲ್ಗೇರಿಯದ ಜನ ಒಂದು ಹಳ್ಳಿಗೂ ಅದರ ರೈಲು ನಿಲ್ದಾಣಕ್ಕೂ ಅಣ್ಣನ ನೆನಪಿಗಾಗಿ ಥಾಂಪ್ಸನ್ ಎಂದು ಹೆಸರಿಟ್ಟರು. ರಾಜಧಾನಿ ಸೋಫಿಯಾದ ಉತ್ತರಕ್ಕೆ, ಇಸ್ಕರ್ ನದಿಯ ಕಣಿವೆಯಲ್ಲಿದೆ ಆ ನಿಲ್ದಾಣ.